ಗುಳಿಗೆ ನುಂಗದೆ ಬಂದ ಬೆಳಗ್ಗೆ

ದಾಂಡೇಲಿ ಸಂತೆಯಲ್ಲಿ ಒಣಮೀನಿನ ಸಾಲು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ, ಮೂಗೇ ದಾರಿ ತೋರಿಸುತ್ತದೆ. ಆ ಸಾಲಿನ ಮೊದಲ ಜಾಗ ನನ್ನದು. ಕಾರವಾರದ ಬಸ್ಸಿನಲ್ಲಿ ಒಂದು ಬುಟ್ಟಿ ಸಿಗಡಿ ತಂದು, ಪಕ್ಕದ ಸೀಟಿನವರ ಬೈಗುಳ ತಿಂದು, ಸಂತೆಯ ಕಟ್ಟಕಡೆಗೆ ಕೊಚ್ಚೆಯ ಮಗ್ಗುಲಲ್ಲಿ ಕೂತು ಶುರು ಮಾಡಿದವಳು ನಾನು. ಈಗ ಹಳಿಯಾಳ, ಮುಂಡಗೋಡಿನ ಚಿಲ್ಲರೆಯವರು ನನ್ನ ಗೋದಾಮಿಗೆ ಬಂದು ಮಾಲು ಒಯ್ಯುತ್ತಾರೆ. ನನ್ನನ್ನು ಯಾರೂ ಕೈ ಹಿಡಿದು ಎತ್ತಲಿಲ್ಲ, ಮಾತೇ ಎತ್ತಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರುವುದು ಒಬ್ಬ ಎಲುಬಿನ ಡಾಕ್ಟರಿಗೂ ಒಬ್ಬ ಗೆಡ್ಡೆ ಮಾರುವವಳಿಗೂ ನಡುವೆ ಕೂತು ನಾನು ಮಾಡಿದ ಚೌಕಾಸಿಯ ಸಂಗತಿ. ಆ ವಿದ್ಯೆ ನನಗೆ ಎಲ್ಲಿಂದ ಬಂತು ಎಂದು ಓದುವವರಿಗೆ ತಿಳಿದಿರಲಿ.

ಕಾಯಿಪಲ್ಲೆಯ ಸಾಲು ಮುಗಿದು ಮೀನಿನ ಸಾಲು ಹಿಡಿಯುವ ಮೂಲೆಯಲ್ಲಿ, ನನ್ನ ಎಡಕ್ಕೆ, ಒಂದು ಗೋಣಿತಾಟಿನ ಪರದೆಯ ಆಚೆ ಕೂರುತ್ತಿದ್ದವಳು ಜೊಯಿಡಾ ಕಡೆಯ ಕುಣಬಿ ಜನಾಂಗದ ಹೆಂಗಸು. ಕಾಡಿನೊಳಗಿನ ಹಳ್ಳಿ. ಬೇಸಿಗೆಯಲ್ಲಿ ಸಾರಿಗೆ ಹುಳಿ ಹಿಂಡುವ ಮುರುಗಲ ಸಿಪ್ಪೆ ತರುತ್ತಿದ್ದಳು, ಚಳಿಗಾಲದಲ್ಲಿ ಗೆಡ್ಡೆ. ಅವರ ಗೆಡ್ಡೆಗೆ ಗೋವಾದವರೂ ಬಂದು ನಿಲ್ಲುತ್ತಾರೆ, ಅಂಥ ರುಚಿ. ಮನೆಯಿಂದ ಬಸ್ಸು ನಿಲ್ಲುವ ರಸ್ತೆಯವರೆಗೆ ಅಷ್ಟೂ ಭಾರ ಅವಳ ತಲೆಯ ಮೇಲೆಯೇ ಬರಬೇಕು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಇಷ್ಟು ವರ್ಷದ ನೆರೆಯಲ್ಲಿ ನಮ್ಮಿಬ್ಬರ ನಡುವೆ ಒಮ್ಮೆಯೂ ಜಗಳವಾಗಲಿಲ್ಲ ಎಂದರೆ ಸಂತೆ ಬಲ್ಲವರು ನಂಬುವುದಿಲ್ಲ.

ಆ ಡಾಕ್ಟರು ಹುಬ್ಬಳ್ಳಿ ಕಡೆಯ ಒಂದು ಮೆಡಿಕಲ್ ಕಾಲೇಜಿನವರು. ವಯಸ್ಸು ಸಣ್ಣದು, ಮಾತು ಮೈಸೂರು ಕಡೆಯದು. ಹೆಂಗಸೊಬ್ಬಳು ಎಲುಬಿನ ಡಾಕ್ಟರಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಂದವರೇ ನನ್ನ ಎದುರು ಕುಕ್ಕರಗಾಲಲ್ಲಿ ಕೂತರು.

“ಅಮ್ಮಾ, ದಿನಕ್ಕೆ ಎಷ್ಟು ಹೊತ್ತು ಹೀಗೆ ನೆಲದ ಮೇಲೆ ಕೂತಿರ್ತೀರಿ?”

“ಮಾಲು ತೀರೂತನಾ. ನಿಮಗ ಏನ್ ಬೇಕ್ರಿ, ಸಿಗಡಿಯೋ ಬಂಗಡಿಯೋ?”

“ನನಗೆ ನಿಮ್ಮ ಮೊಣಕಾಲು ಬೇಕು.”

“ಅದನ್ನ ಮಾರಾಕ ಇಟ್ಟಿಲ್ರಿ ಬಾಯಾರ,” ಎಂದೆ. ಸಾಲಿಗೆ ಸಾಲೇ ನಕ್ಕಿತು. ಡಾಕ್ಟರೂ ನಕ್ಕರು. ನಕ್ಕವರ ಜೊತೆ ವ್ಯವಹಾರ ಮಾಡಬಹುದು, ಇದು ನನ್ನ ಅನುಭವ.

ವಿಷಯ ಇಷ್ಟು. ನೆಲದ ಮೇಲೆ ಕೂತು ದುಡಿಯುವ, ತಲೆಯ ಮೇಲೆ ಭಾರ ಹೊರುವ ಹೆಂಗಸರ ಕೀಲುಗಳು ಹೇಗೆ ಸವೆಯುತ್ತವೆ ಎಂದು ಅವರು ಸಂಶೋಧನೆ ಮಾಡುತ್ತಿದ್ದರು. ಅದಕ್ಕೆ ಹೆಂಗಸರು ಬೇಕು. ಒಮ್ಮೆ ಬಂದು ಹೋಗುವವರಲ್ಲ, ಮತ್ತೆ ಮತ್ತೆ ಬಂದು ತೋರಿಸುವವರು. ಎಲ್ಲರೂ ಆಗಲಿ ಎನ್ನುತ್ತಿದ್ದರು, ಯಾರೂ ಬರುತ್ತಿರಲಿಲ್ಲ. ನಾನು ಹೆಂಗಸರನ್ನು ಕೂಡಿಸಿಕೊಡುತ್ತೇನೆ ಎಂದೆ, ಆದರೆ ನನ್ನ ಶರತ್ತುಗಳಿವೆ. ಸಂತೆಯ ದಿನ ಕ್ಯಾಂಪು ಇಡಬಾರದು. ಎಕ್ಸರೇಗೆ ಹುಬ್ಬಳ್ಳಿಗೆ ಓಡಿಸಬಾರದು, ಹಳಿಯಾಳದಲ್ಲೇ ಆಗಬೇಕು. ಯಾರ ಕಾಲಿನಲ್ಲಿ ಏನಿದೆ ಎಂಬುದನ್ನು ಆಯಾ ಹೆಂಗಸಿಗೇ, ಎದುರು ಕೂರಿಸಿಕೊಂಡು, ಕನ್ನಡದಲ್ಲಿ ಹೇಳಬೇಕು. ಅವರು ಮೊದಲ ಎರಡಕ್ಕೆ ಸ್ವಲ್ಪ ಎಳೆದಾಡಿದರು. ಮೂರನೆಯದಕ್ಕೆ ಮಾತ್ರ, “ಅದನ್ನ ನೀವು ಕೇಳದಿದ್ರೂ ಮಾಡ್ತಿದ್ದೆ” ಎಂದರು. ಆ ಒಂದು ಮಾತಿಗೆ ನಾನು ಉಳಿದೆರಡನ್ನು ಬಿಟ್ಟುಕೊಡಬಹುದಿತ್ತು. ಬಿಡಲಿಲ್ಲ, ಅದು ಬೇರೆ ಮಾತು.

ಜೊಯಿಡಾದ ಒಂದು ಶಾಲೆಯಲ್ಲಿ ಮೊದಲ ಕ್ಯಾಂಪು. ನಾನು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಾರಿ ಸಾರಿ ಹೇಳಿದ್ದಕ್ಕೆ ಹೆಂಗಸರು ಕಿಕ್ಕಿರಿದು ಬಂದರು. ಬಂದ ರೀತಿ ನೋಡಬೇಕಿತ್ತು! ಎಣ್ಣೆ ಹಚ್ಚಿ ತಲೆ ಬಾಚಿ, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು, ಹೂ ಮುಡಿದು. ಎಲ್ಲರ ನಡಿಗೆಯೂ ನೆಟ್ಟಗೆ. ಹಿಂದಿನ ವಾರ ಸಂತೆಯಲ್ಲಿ ಅಯ್ಯೋ ಅವ್ವಾ ಎಂದು ಸೊಂಟ ಹಿಡಿದುಕೊಂಡು ಎದ್ದವಳು ಡಾಕ್ಟರ ಮುಂದೆ ಮದುವಣಗಿತ್ತಿಯ ಹಾಗೆ ನಡೆದಳು. ಎಲ್ಲಿ ನೋವು ಎಂದರೆ, “ಏನೂ ಇಲ್ರಿ, ಹಿಂಗ ಒಂಚೂರು.” ನನ್ನ ಗೆಡ್ಡೆಯವಳೂ ಹಾಗೇ. ಬಲಗಾಲ ಮೊಣಕಾಲು ಒಂಚೂರು ಎಂದಳು. ಹಳಿಯಾಳದಲ್ಲಿ ಮೊಣಕಾಲಿನ ಎಕ್ಸರೇ ತೆಗೆಸಿದರೆ ಗಾಜಿನ ಹಾಗೆ ಸ್ವಚ್ಛ. ಡಾಕ್ಟರು ಅವಳ ಕೈ ಹಿಡಿದು, “ನಿಮ್ಮ ಮೊಣಕಾಲು ಚೆನ್ನಾಗಿದೆ, ಆರಾಮಾಗಿರಿ” ಎಂದು ಕಳಿಸಿದರು. ನನ್ನದೇ ಸವೆದಿತ್ತು. ನನಗೆ ತೊಡೆಯ ವ್ಯಾಯಾಮ ಹೇಳಿಕೊಟ್ಟರು. ಮಾಡಿದೆ, ಈಗಲೂ ಮಾಡುತ್ತೇನೆ. ಓದುವವರಲ್ಲಿ ಮೊಣಕಾಲು ನೋವಿನವರು ಇದ್ದರೆ ಕೇಳಿ: ಎಣ್ಣೆ ತಿಕ್ಕುವುದರಲ್ಲಿ ಕಳೆಯುವ ಹೊತ್ತಿನಲ್ಲಿ ಅರ್ಧವನ್ನು ವ್ಯಾಯಾಮಕ್ಕೆ ಕೊಡಿ, ಆಮೇಲೆ ನನ್ನ ಜೊತೆ ಮಾತಾಡಿ.

ಕ್ಯಾಂಪು, ಎಕ್ಸರೇ ಎಲ್ಲ ಮುಗಿದ ಮೇಲೆ ಡಾಕ್ಟರು ಕುರ್ಚಿಗೆ ಒರಗಿ ಕೂತು ಕೇಳಿದರು, “ಮೌಶಿ, ಏನೋ ಸರಿಯಿಲ್ಲ. ಕೆಲವರ ತೊಡೆಯ ಸ್ನಾಯು ಬತ್ತಿಹೋಗಿದೆ. ನೋವಿಲ್ಲದ ಕಾಲು ಹಾಗೆ ಬತ್ತೋದಿಲ್ಲ. ಇವರು ನನಗೆ ಯಾಕೆ ಹೇಳ್ತಿಲ್ಲ?”

ಸಂತೆಯವರೆಲ್ಲ ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುವುದನ್ನು ಕೇಳಿ ಅವರೂ ಅಮ್ಮ ಬಿಟ್ಟು ಮೌಶಿಗೆ ಬಂದಿದ್ದರು. ನಾನು ಹೇಳಿದೆ, “ಬಾಯಾರ, ನೀವು ದೂರದಿಂದ ಬಂದವರು. ಬಂದವರ ಮುಂದ ಅಳೂ ಮಾರಿ ಹೊತ್ಕೊಂಡು ಹೋಗೂದು ನಮ್ಮ ಕಡೆ ಮರ್ಯಾದಿ ಅಲ್ರಿ.” ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ ಎಂದು ನನಗೆ ತಿಳಿದದ್ದು ಆಮೇಲೆ.

ಗೆಡ್ಡೆಯ ಕಾಲ ಶುರುವಾಗಿ ಎರಡನೆಯದೋ ಮೂರನೆಯದೋ ಸಂತೆ. ಉಳವಿಯಿಂದ ಬರುವ ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ನನ್ನ ಗೆಡ್ಡೆಯವಳು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬುಟ್ಟಿಯನ್ನು ಒಬ್ಬ ಹಮಾಲನ ತಲೆಯ ಮೇಲೆ ಹೊರಿಸಿಕೊಂಡು, ಅಂಗಡಿಗಳ ಕಂಬ ಹಿಡಿಯುತ್ತ ಬಂದಳು. ಹಮಾಲನಿಗೆ ಕೈಯೆತ್ತಿ ದುಡ್ಡು ಕೊಡುವ ಹೆಂಗಸಲ್ಲ ಅವಳು. ಕೂರುವಾಗ ಬಲಗಾಲು ಮಡಿಸಲಿಲ್ಲ, ದೊಣ್ಣೆಯ ಹಾಗೆ ಮುಂದಕ್ಕೆ ಚಾಚಿದಳು.

“ಏನಾತ ತಂಗಿ?”

“ಏನಿಲ್ಲಕ್ಕಾ.”

ಸಂತೆಯಲ್ಲಿ ಯಾರೂ ಮೊದಲ ಕೇಳಿಕೆಗೇ ಖರೇ ಬೆಲೆ ಹೇಳುವುದಿಲ್ಲ. ಖರೇ ಬೆಲೆ ಬೇಕಿದ್ದರೆ ಮಾಲಿನ ಮಾತು ಬಿಟ್ಟು ಬೇರೆ ಏನಾದರೂ ಕೇಳುತ್ತ ಹೋಗಬೇಕು. ನಾನು ಸಿಗಡಿ ಕೇರುತ್ತ, ಅವಳ ಕಡೆ ನೋಡದೆ ಕೇಳಿದೆ.

“ಬಾವಿ ನೀರು ಈಗ ಯಾರು ತರ್ತಾರ ಮನ್ಯಾಗ?”

“ಸೊಸಿ.”

“ಕಟಗಿ?”

“ಅಕೀನ.”

“ಹೊರಗಡಿಗೆ ಹೋದ್ರ ಕುಂದ್ರಾಕ ಆಗತೈತಿ?”

ಅವಳು ಗೆಡ್ಡೆಯ ಮಣ್ಣು ಒರೆಸುತ್ತಲೇ ಇದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ, “ಈ ವಾರ ಗುಳಿಗಿಯವ ಬರಲಿಲ್ಲಕ್ಕಾ,” ಎಂದಳು. “ಇದ್ದವನ್ನ ಅರ್ಧ ಅರ್ಧ ಮಾಡಿ ನುಂಗಾಕತ್ತೇನಿ. ಅದಕ್ಕ ಹಿಂಗ.”

ಗುಳಿಗೆಯವನು ಎಂದರೆ ಮೋಟಾರ್‌ಸೈಕಲ್ಲಿನ ಮೇಲೆ ಹಳ್ಳಿ ತಿರುಗುವ ಒಬ್ಬ. ಗಂಟುನೋವಿಗೆ ಎಂದು ಸಣ್ಣ ಬಿಳಿ ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಕಾಗದದ ಮೇಲೆ ಹೆಸರಿಲ್ಲ, ಊರಿಲ್ಲ. ನಾನು ಲೇಬಲ್ ಇಲ್ಲದ ಉಪ್ಪನ್ನೂ ಕೊಳ್ಳುವವಳಲ್ಲ, ಹಾಗಾಗಿ ಅವನು ನನ್ನ ಹತ್ತಿರ ಸುಳಿದಿರಲಿಲ್ಲ. ಆದರೆ ಈ ಸಾಲಿನ, ಆ ಸಾಲಿನ ಹೆಂಗಸರೆಲ್ಲ ಅವನ ಗಿರಾಕಿಗಳು. ಇವಳು ನುಂಗತೊಡಗಿ ಎರಡು ವರ್ಷದ ಮೇಲಾಯಿತಂತೆ, ಮೊದಲು ಹಿಡಿದದ್ದು ಬೆನ್ನುನೋವಿಗೆ. ಹೊರೆ ಹೊರುವ ದಿನ ಒಂದು, ಹೊರದ ದಿನವೂ ಒಂದು. ಅವತ್ತು ಕ್ಯಾಂಪಿಗೆ ಬಂದಾಗ?

“ಎರಡು ನುಂಗಿದ್ನಿ. ಎಲ್ಲಾರೂ ನುಂಗೇ ಬಂದಿದ್ರು. ಡಾಕ್ಟರ್ ಹಂತ್ಯಾಕ ಹೋಗೂದಂದ್ರ ಚೊಲೊ ಕಾಣಬೇಕಲ್ಲಕ್ಕಾ.”

ನನಗೆ ನಗು ಬಂತು, ಆದರೆ ನಗುವ ಮಾತಾಗಿರಲಿಲ್ಲ. ರೋಗ ತೋರಿಸಲು ಹೋಗುವವರು ರೋಗವನ್ನು ಮುಚ್ಚಿಕೊಂಡು ಹೋಗಿದ್ದರು, ಮನೆಗೆ ಬೀಗರು ಬಂದಾಗ ಹರಿದ ಚಾಪೆ ಮುಚ್ಚಿಡುವ ಹಾಗೆ.

ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಎಲ್ಲ ಕೇಳಿಸಿಕೊಂಡು ಅಂದರು, “ತೊಡೆಯ ಸಂದಿಯಲ್ಲಿ ನೋವಿದೆಯಾ ಕೇಳಿ.” ಕೇಳಿದೆ. ಇದೆ ಎಂದಳು, ಅಲ್ಲಿಂದ ಮೊಣಕಾಲಿಗೆ ಇಳಿಯುತ್ತದಂತೆ. “ಅವರಿಗೆ ಹೇಳಿ, ಗುಳಿಗೆಯನ್ನ ತಾವಾಗಿ ಒಮ್ಮೆಲೇ ಬಿಟ್ಟುಬಿಡೋದು ಬೇಡ, ಅದೂ ಅಪಾಯ. ನಾಳೆ ಬೆಳಗ್ಗೆ ಹಳಿಯಾಳಕ್ಕೆ ಕರ್ಕೊಂಡು ಬನ್ನಿ. ನಾಳೆ ಬೆಳಗಿನ ಗುಳಿಗೆ ಮಾತ್ರ ನಾನು ನೋಡೋವರೆಗೆ ಹೊಟ್ಟೆಯಲ್ಲಿ ಬೇಡ, ಕೈಯಲ್ಲಿರಲಿ. ನಾನು ನೋಡಿದ ಮೇಲೆ ಮುಂದಿನದು ಹೇಳ್ತೀನಿ.”

ಇವಳು ಒಪ್ಪಲಿಲ್ಲ. “ಅವರು ಕೈ ಹಿಡಿದು ಆರಾಮ ಅದೀರಿ ಅಂದಾರ. ಈಗ ಅವರ ಮುಂದ ಗ್ವಾಡಿ ಹಿಡ್ಕೊಂಡು ಕುಂಟ್ಕೋತ ಹೋಗ್ಲ್ಯಾ? ನಾಟಕ ಮಾಡ್ತಾಳ ಅಂದಾರು. ನಾ ಬರಂಗಿಲ್ಲ.”

“ಕೊಳತ ಗೆಡ್ಡಿ ಕೆಳಗಿಟ್ಟು, ಚೊಲೊ ಗೆಡ್ಡಿ ಮ್ಯಾಲ ಇಟ್ಟು ಮಾರ್ತಿ ಏನ ನೀ?”

“ಛೀ! ನಾ ಯಾಕ ಹಂಗ ಮಾಡ್ಲಿ?”

“ಮತ್ತ ಡಾಕ್ಟರ್ ಬಾಯಾರಿಗೆ ಯಾಕ ಹಂಗ ಮಾಡೀದಿ? ಪಾಪ, ಅವರು ಮ್ಯಾಲಿಂದು ನೋಡಿ ಚೊಲೊ ಐತಿ ಅಂದ್ರು.”

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ನಿನ್ನ ಬಾಯಿಗೆ ಯಾರ್ ಹತ್ತಬೇಕ,” ಎಂದಳು. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವತ್ತು ಊರಿಗೆ ಹೋಗದೆ ನಮ್ಮ ಮನೆಯಲ್ಲೇ ಉಳಿದಳು.

ಹಳಿಯಾಳದ ಆಸ್ಪತ್ರೆಯ ಪಡಸಾಲೆ ಅಷ್ಟೇನೂ ಉದ್ದವಿಲ್ಲ. ಬೆಳಗ್ಗೆ ಅದನ್ನು ದಾಟಲು ಅವಳಿಗೆ ಹಿಡಿದ ಹೊತ್ತು ನೋಡಿ ನಾನೇ ಮುಖ ತಿರುಗಿಸಿದೆ. ಒಂದು ಕೈ ಗೋಡೆಯ ಮೇಲೆ, ಒಂದು ಕೈಯಲ್ಲಿ ಗುಳಿಗೆಯ ಪುಡಿಕೆ. ನಾಚಿಕೆಯಿಂದ ತಲೆ ಎತ್ತಿರಲಿಲ್ಲ. ಡಾಕ್ಟರು ಬಾಗಿಲಲ್ಲಿ ನಿಂತು ಕಣ್ಣು ಕೀಳದೆ ಅವಳ ನಡಿಗೆ ನೋಡುತ್ತಿದ್ದರು. ಕುರ್ಚಿ ಸಿಕ್ಕಿ ಕೂತ ಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು, “ಇವತ್ತು ನೀವು ಬಂದ್ರಿ. ಅವತ್ತು ಗುಳಿಗೆ ಬಂದಿತ್ತು” ಎಂದರು.

ಮಲಗಿಸಿ ಮೊಣಕಾಲನ್ನು ಒತ್ತಿ ಒತ್ತಿ ನೋಡಿದರು, ಅವಳು ಮಿಸುಕಲಿಲ್ಲ. ಕಾಲು ಮಡಿಸಿ, ಪಾದ ಹಿಡಿದು ತೊಡೆಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದರು, ಅವಳು ಕೂಗಿಕೊಂಡ ದನಿಗೆ ಹೊರಗಿನವರು ಬಾಗಿಲಿಗೆ ಬಂದರು. ಡಾಕ್ಟರು ನನ್ನನ್ನೂ ಕೂರಿಸಿಕೊಂಡು ವಿವರಿಸಿದರು. ತೊಡೆಯ ಎಲುಬಿನ ತುದಿಯಲ್ಲಿ ಒಂದು ಗುಂಡು ಇರುತ್ತದೆ, ಸೊಂಟದ ಕುಳಿಯಲ್ಲಿ ಕೂತು ತಿರುಗುತ್ತದೆ. ಆ ಗುಂಡಿಗೆ ರಕ್ತ ಹೋಗುವುದು ನಿಂತರೆ ಅದು ಒಳಗೊಳಗೇ ಸಾಯುತ್ತ ಬರುತ್ತದೆ. ನೋವು ಮಾತ್ರ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದುಂಟು. ಮೊಣಕಾಲನ್ನಷ್ಟೇ ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ. ಆ ಪುಡಿಕೆಯ ಗುಳಿಗೆಯಲ್ಲಿ ಸ್ಟೀರಾಯ್ಡ್ ಇರಬಹುದು, ಅದನ್ನು ಲೆಕ್ಕವಿಲ್ಲದೆ ನುಂಗಿದವರಿಗೆ ಹೀಗೆ ಆಗುವುದಿದೆ ಎಂದರು. ಗುಳಿಗೆಯನ್ನು ಪರೀಕ್ಷೆಗೆ ಕಳಿಸಿದರು, ಅನುಮಾನ ನಿಜವಾಯಿತು.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಗುಂಡು ರೋಗ ಹಿಡಿದಿತ್ತು, ಆದರೆ ಇನ್ನೂ ಕುಸಿದಿರಲಿಲ್ಲ. ಎಲ್ಲವೂ ಆ ‘ಇನ್ನೂ’ ಎಂಬುದರ ಮೇಲೆ ನಿಂತಿತ್ತು. ಈಗಲೇ ಎಲುಬಿಗೆ ತೂತು ಕೊರೆದು ಒಳಗಿನ ಒತ್ತಡ ಇಳಿಸಿದರೆ ಅವಳದೇ ಕೀಲು ಉಳಿಯುವ ಸಾಧ್ಯತೆ ಇದೆ. ಭಾರ ಹೊತ್ತು ನಡೆದು ಕುಸಿಯಿತೋ, ಕೀಲನ್ನೇ ಬದಲಿಸಬೇಕು. ಆಮೇಲೆ ನೆಲಕ್ಕೆ ಕೂರುವುದು, ಗುಡ್ಡದಲ್ಲಿ ಹೊರೆ ಹೊರುವುದು ಕನಸಿನ ಮಾತು.

ಅವಳ ಗಂಡ ಮೆತ್ತನೆಯ ಮನುಷ್ಯ. “ಗೆಡ್ಡಿ ಅಗದು ಮುಗಸೂಣ್ರಿ, ಆಮ್ಯಾಲ ಮಾಡಸೂಣು,” ಎಂದ. ಅವನದೂ ತಪ್ಪಲ್ಲ. ಅವರ ಮನೆಯಲ್ಲಿ ವರ್ಷಕ್ಕೆ ಕೈಗೆ ಬರುವ ದೊಡ್ಡ ಫಸಲು ಅದೊಂದೇ, ಮಾರುವವಳು ಇವಳೊಬ್ಬಳೇ. ಇವಳೂ ಅವನ ಪರವೇ. ಡಾಕ್ಟರು ಹೇಳಿ ಹೇಳಿ ದಣಿದರು. ನಾನು ಅವನನ್ನು ಹೊರಗೆ ಚಹಾದಂಗಡಿಗೆ ಕರೆದೊಯ್ದೆ.

“ಅಗಿಯೂದು ನಿಮ್ಮದು, ಬಸ್ಸಿಗೆ ಹೇರೂದು ನಿಮ್ಮ ಸೊಸಿದು, ಮಾರೂದು ನಂದು. ಒಂದ ಗೆಡ್ಡಿ ಮನಿಗೆ ವಾಪಸ್ ಬಂದ್ರ ನನಗ ಹೆಸರಿಡ್ರಿ.”

“ನೀವು ಮೀನದವ್ರು, ಬಾಯಾರ...”

“ಅದರ ಚಿಂತಿ ನನಗ ಬಿಡ್ರಿ.”

ಅವನು ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, “ನಾಳೆನ ಮಾಡ್ರಿ ಅಂತ ಹೇಳ್ರಿ ಡಾಕ್ಟರ್‌ಗೆ,” ಎಂದ.

ಬಿಡ್ರಿ ಎಂದದ್ದು ಸುಲಭ. ಮೀನಿನ ಕೈಯಿಂದ ಗೆಡ್ಡೆ ಯಾರು ಕೊಳ್ಳುತ್ತಾರೆ? ಸಸ್ಯಾಹಾರಿಗಳೇ ಅದಕ್ಕೆ ದೊಡ್ಡ ಗಿರಾಕಿಗಳು. ಆ ಚಳಿಗಾಲವಿಡೀ ಸಂತೆಯ ಮುಂಚಿನ ದಿನದಿಂದಲೇ ನಾನು ಮೀನು ಮುಟ್ಟಲಿಲ್ಲ. ನನ್ನ ಜಾಗದಲ್ಲಿ ನನ್ನ ಸೊಸೆಯನ್ನು ಕೂರಿಸಿ, ಸೀಗೆಪುಡಿಯಲ್ಲಿ ಮಿಂದು, ಒಗೆದ ಸೀರೆ ಉಟ್ಟು, ಪರದೆಯ ಆಚೆ ಹೋಗಿ ಕೂತೆ. ಮೊದಲ ದಿನ ಮಾಸ್ತರ ಹೆಂಡತಿಯೊಬ್ಬರು ಗೆಡ್ಡೆಯನ್ನು ಮೂಗಿಗೆ ಹಿಡಿದು ನೋಡಿದರು.

“ಏನ್ರಿ ಮೌಶಿ, ಮೀನ ಬಿಟ್ಟು ಸನ್ಯಾಸ ತಗೊಂಡ್ರೇನು?”

“ವಾಸನಿ ಬಂದ್ರ ರೊಕ್ಕ ಕೊಡಬ್ಯಾಡ್ರಿ.”

“ಮನಿಗೆ ಹೋದ ಮ್ಯಾಲ ಬಂದ್ರ?”

“ಅದು ನಿಮ್ಮ ಮನಿ ವಾಸನಿ, ನನಗ ಗೊತ್ತಿಲ್ಲ!”

ಅವರು ನಕ್ಕು ಒಂದು ಚೀಲ ಒಯ್ದರು, ಅವರ ಓಣಿಯವರೂ ಬಂದರು. ಸೊಸೆ ಪರದೆಯ ಈಚೆಯಿಂದ, “ಅತ್ತಿ, ನೀವು ಆ ಕಡೆ ಕುಂತ್ರ ನನಗ ಇಲ್ಲಿ ಆರಾಮ,” ಎಂದು ಚುಡಾಯಿಸಿದಳು. ನಾನು ನನ್ನ ಲೆಕ್ಕದಲ್ಲಿ ಗೆಡ್ಡೆಯ ಬೆಲೆಯನ್ನು ಮೆಲ್ಲಗೆ ಏರಿಸುತ್ತ ಹೋದೆ. ಒಂದೂ ವಾಪಸ್ ಹೋಗಲಿಲ್ಲ.

ಆಪರೇಷನ್ ಆಯಿತು. ಆಮೇಲಿನ ದಿನಗಳು ಕಷ್ಟದವು. ಆ ಕಾಲು ನೆಲಕ್ಕೆ ಊರುವಂತಿಲ್ಲ, ಎರಡು ಬಗಲಲ್ಲೂ ಕೋಲು. ಗುಳಿಗೆಯನ್ನು ಡಾಕ್ಟರು ಹಂತಹಂತವಾಗಿ ಇಳಿಸಿ ಬಿಡಿಸಿದರು. ಅವಳ ಸೊಸೆ ನೀರಿಗೆ, ಗಂಡ ಒಲೆಗೆ. ಗಂಡ ಮಾಡಿದ ಅನ್ನ ತಿಂದು ಇನ್ನೊಂದು ಆಪರೇಷನ್ ಬೇಕಾದೀತು ಎಂದು ಫೋನಿನಲ್ಲಿ ನಗುತ್ತಿದ್ದಳು. ನಗುತ್ತಿದ್ದವಳು ಪ್ರತಿ ಸಲವೂ ಕೊನೆಗೆ ಅದನ್ನೇ ಕೇಳುತ್ತಿದ್ದಳು, “ಗುಂಡು ಕುಸದಿರಂಗಿಲ್ಲ ಅಲ್ಲಕ್ಕಾ?” ನಾನು ಡಾಕ್ಟರಲ್ಲ. ಇಲ್ಲ ಎನ್ನಲು ಬಾಯಿ ತುದಿಗೆ ಬರುತ್ತಿತ್ತು, ಆದರೆ ತಿಳಿಯದ ಮಾಲಿಗೆ ಗ್ಯಾರಂಟಿ ಕೊಡಬಾರದು. “ಫೋಟೋ ತೆಗದ ಮ್ಯಾಲ ನೋಡೂಣು,” ಎನ್ನುತ್ತಿದ್ದೆ.

ಈ ನಡುವೆ ಮುಂದಿನ ಕ್ಯಾಂಪು. ಈ ಸಲ ನಾನು ಬೇರೆ ರೀತಿ ಸಾರಿದ್ದೆ: ಚಂದ ಕಾಣಬ್ಯಾಡ್ರಿ, ಇದ್ದಂಗ ಬರ್ರಿ, ಗುಳಿಗಿ ಪುಡಿಕಿ ತರ್ರಿ. ಹೆಂಗಸರು ಕುಂಟುತ್ತ, ಒಬ್ಬರ ಹೆಗಲು ಒಬ್ಬರು ಹಿಡಿದು, ಒಬ್ಬರನ್ನೊಬ್ಬರು ಹಾಸ್ಯ ಮಾಡುತ್ತ ಬಂದರು. ಡಾಕ್ಟರ ಮೇಜಿನ ಮೇಲೆ ಪುಡಿಕೆಗಳ ರಾಶಿ ಬಿತ್ತು. ಅವರು ಒಬ್ಬೊಬ್ಬರನ್ನೇ ಕೂರಿಸಿ, ನೋವು ಎಲ್ಲಿ ಎನ್ನುವ ಮೊದಲು, ನೀರು ಯಾರು ತರುತ್ತಾರೆ, ಕಟ್ಟಿಗೆ ಯಾರು ತರುತ್ತಾರೆ ಎಂದು ಕೇಳತೊಡಗಿದರು. ಮೈಸೂರು ಕಡೆಯ ಮಾತಿನಲ್ಲಿ ನನ್ನ ಚೌಕಾಸಿ ಕೇಳಿ ನನಗೆ ಹಿಗ್ಗೋ ಹಿಗ್ಗು. ಗುಳಿಗೆಯವನು ಆಮೇಲೆ ನಮ್ಮ ಸಂತೆಯ ಕಡೆ ಬಂದದ್ದನ್ನು ನಾನು ನೋಡಿಲ್ಲ. ಬಂದರೆ ಸಾಲು ಅವನನ್ನು ಸುಮ್ಮನೆ ಬಿಡುವುದಿಲ್ಲ. ನಿಮ್ಮೂರಿಗೂ ಅಂಥವನು ಬರುತ್ತಿರಬಹುದು. ಪುಡಿಕೆ ಕಾಲುವೆಗೆ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಏನು ನುಂಗಿದಿರಿ ಎಂಬುದಕ್ಕೆ ಅದೇ ನಿಮ್ಮ ಕಾಗದಪತ್ರ ಎಂದು ತಿಳಿಯಿರಿ.

ಡಾಕ್ಟರು ನನ್ನ ಗೆಡ್ಡೆಯವಳ ಸಂಗತಿಯನ್ನು ಒಂದು ಬೇರೆಯೇ ಪ್ರಕರಣವಾಗಿ ಬರೆದು ದೊಡ್ಡ ಡಾಕ್ಟರುಗಳ ಮುಂದೆ ಓದುತ್ತೇನೆ ಎಂದು ಅವಳ ಒಪ್ಪಿಗೆ ಕೇಳಿದರು. “ಬರೀರಿ, ಹೆಸರು ಹಾಕಬ್ಯಾಡ್ರಿ,” ಎಂದಳು. ನಾನೂ ಇಲ್ಲಿ ಹಾಕಿಲ್ಲ. ಅವರು ಓದಿ ಬಂದ ದಿನ ಫೋನು ಮಾಡಿದರು. ಮೊಣಕಾಲು ಸರಿಯಿದೆ ಎಂದು ಒಮ್ಮೆ ಕಳಿಸಿದವರನ್ನು ಮತ್ತೆ ಹೇಗೆ ಹಿಡಿದಿರಿ ಎಂದು ಒಬ್ಬ ಹಿರಿಯರು ಕೇಳಿದರಂತೆ. “ನಮ್ಮ ಸಂತೆಯಲ್ಲಿ ಒಬ್ಬರು ಮೌಶಿ ಇದ್ದಾರೆ ಅಂದೆ,” ಎಂದರು. ನಾನು ಆ ದಿನ ಗಿರಾಕಿಗಳಿಗೆ ಎಷ್ಟು ಸಲ ಈ ಮಾತು ಹೇಳಿದೆನೋ, ನನ್ನ ಸೊಸೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೇನೆ ಎಂದಳು. ನಮ್ಮ ಸಂತೆ! ಅವರು ‘ನಮ್ಮ’ ಎಂದದ್ದನ್ನು ನಾನು ಬಿಡದೆ ಒತ್ತಿ ಹೇಳುತ್ತಿದ್ದೆ.

ಮಳೆ ಶುರುವಾಗುವ ಮುಂಚೆ ಮತ್ತೆ ಸ್ಕ್ಯಾನ್ ತೆಗೆದರು. ಗುಂಡು ಗುಂಡಾಗಿಯೇ ಇತ್ತು. ಡಾಕ್ಟರು ಎರಡು ಚಿತ್ರಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ನನಗೆ ಎರಡೂ ಒಂದೇ ಹಾಗೆ ಕಂಡವು, “ಅದೇ ಒಳ್ಳೇ ಸುದ್ದಿ” ಎಂದರು. ವರ್ಷಗಟ್ಟಲೆ ನೋಡುತ್ತಿರಬೇಕು, ತಲೆಹೊರೆ ಬೇಡ, ಕುಕ್ಕರಗಾಲು ಬೇಡ, ನಡೆಯಬಹುದು.

ಅವಳು ಸಂತೆಗೆ ಮರಳಿದ ದಿನ ನಾನು ಅವಳ ಜಾಗದಲ್ಲೇ ಕೂತು ಮುರುಗಲ ಸಿಪ್ಪೆ ಮಾರುತ್ತಿದ್ದೆ. ಅವಳು ಕೂರಲು ಒಂದು ಎತ್ತರದ ಪೆಟ್ಟಿಗೆ, ಮಾಲಿಡಲು ಹಲಗೆ ಹಾಕಿಸಿದ್ದೆ. ಅವಳೊಬ್ಬಳೇ ಮೇಲೆ ಕೂತರೆ ಸಂಕೋಚಪಟ್ಟಾಳು ಎಂದು ನನ್ನ ಕಡೆಗೂ ಹಾಗೇ ಹಾಕಿಸಿದ್ದೆ. ಬಸ್‌ಸ್ಟ್ಯಾಂಡಿನ ಕಡೆಯಿಂದ ಬಂದಳು. ಒಂದೇ ಕೋಲು, ಯಾವ ಕಂಬವನ್ನೂ ಹಿಡಿಯಲಿಲ್ಲ. ಚೀಲ ಹೊತ್ತ ಹಮಾಲ ಹಿಂದೆ. ಸಾಲಿನ ಹೆಂಗಸರು ಗಿರಾಕಿಗಳನ್ನು ಬಿಟ್ಟು ಎದ್ದು ನಿಂತರು. ಸಂತೆಗೆ ಒಬ್ಬ ಮಂತ್ರಿ ಬಂದಾಗಲೂ ನಮ್ಮ ಸಾಲು ಎದ್ದಿರಲಿಲ್ಲ.

“ಕಾಲು ಹೆಂಗೈತಿ?” ಎಂದರು ಯಾರೋ.

“ತೊಡಿಸಂದ್ಯಾಗ ಒಂಚೂರು ಹಿಡದೈತಿ, ಬಸ್ಸಿನ್ಯಾಗ ಭಾಳ ಕುಂತೇನಿ ಅದಕ್ಕ. ಮೊಣಕಾಲಿಗೆ ಏನಿಲ್ಲ,” ಎಂದು ಬೆರಳಿಟ್ಟು ತೋರಿಸಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಗೆಡ್ಡಿ ಬೆಲಿ ಭಾಳ ಏರಿಸೀಯಂತ, ಮುಂದಿನ ವರ್ಷ ಗಿರಾಕಿ ನನ್ನ ಬೈತಾರ.”

“ಬೈಲಿ, ಕೊಂಡು ಬೈಲಿ.”

“ಏಳಕ್ಕಾ ಈಗ. ನನ್ನ ಜಾಗ ಅದು.”

ಇಷ್ಟು ವರ್ಷದಲ್ಲಿ ನಾನು ಸಂತೆಯಲ್ಲಿ ಯಾರಿಗೂ ಗೇಣು ಜಾಗ ಬಿಟ್ಟವಳಲ್ಲ. ಅವಳು ಇನ್ನೊಮ್ಮೆ ಹೇಳುವ ಮೊದಲೇ ಎದ್ದೆ.